ಸ್ಕಿಜೋಫ್ರೇನಿಯಾ: ಭಾವ ಗುರುತಿಸುವ ಮತ್ತು ಸಾಮಾಜಿಕ ಗ್ರಹಿಕೆಯ ತರಬೇತಿ

ಎದುರಿಗಿದ್ದವರ ಮುಖಭಾವ, ದನಿಯ ಏರಿಳಿತ, ಮಾತಿನ ಒಳಾರ್ಥ, ಸಂದರ್ಭದ ಸೂಕ್ಷ್ಮ ಇವನ್ನೆಲ್ಲ ಓದಿಕೊಳ್ಳುವ ಶಕ್ತಿ ಸ್ಕಿಜೋಫ್ರೇನಿಯಾ ಇರುವ ಬಹಳಷ್ಟು ಜನರಲ್ಲಿ ಕುಂದಿರುತ್ತದೆ. ಈ ಶಕ್ತಿಯನ್ನು ಅಭ್ಯಾಸದಿಂದ ಮತ್ತೆ ಕಲಿಸುವ ಚಿಕಿತ್ಸಾ ಕ್ರಮಗಳನ್ನು ಒಟ್ಟಾಗಿ ಸಾಮಾಜಿಕ ಗ್ರಹಿಕೆಯ ತರಬೇತಿ ಎನ್ನುತ್ತಾರೆ. ಅದರಲ್ಲಿ ಮುಖ ನೋಡಿ ಭಾವ ಗುರುತಿಸುವ ತರಬೇತಿಯೇ ಹೆಚ್ಚು ಬೆಳೆದಿರುವ, ಹೆಚ್ಚು ಪರೀಕ್ಷೆಗೊಳಗಾಗಿರುವ ಭಾಗ. ಮನೋವೈದ್ಯರು ಬರೆದುಕೊಡುವ ಮಾತ್ರೆಗೆ ಇದು ಬದಲಿಯಲ್ಲ. ಮಾತ್ರೆಯಿಂದ ಕಾಯಿಲೆ ಹತೋಟಿಗೆ ಬಂದ ಮೇಲೂ ಉಳಿದುಬಿಡುವ ಒಂದು ತೊಡಕಿಗೆ ಕಳೆದ ಮೂರು ದಶಕಗಳಲ್ಲಿ ಹುಡುಕಿಕೊಂಡ ದಾರಿ ಇದು.

ಆ ತೊಡಕು ಯಾವುದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 2.4 ಕೋಟಿ ಜನರಿಗೆ, ಅಂದರೆ ಹೆಚ್ಚುಕಡಿಮೆ 300 ಜನರಲ್ಲಿ ಒಬ್ಬರಿಗೆ, ಸ್ಕಿಜೋಫ್ರೇನಿಯಾ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 1.4ರಷ್ಟು ಮಂದಿ ಬದುಕಿನ ಯಾವುದಾದರೂ ಘಟ್ಟದಲ್ಲಿ ಸ್ಕಿಜೋಫ್ರೇನಿಯಾ ಅಥವಾ ಅದೇ ಗುಂಪಿನ ತೀವ್ರ ಮನೋರೋಗಕ್ಕೆ ಒಳಗಾಗಿರುತ್ತಾರೆ. ಇಲ್ಲದ ದನಿ ಕೇಳಿಸುವುದು, ಯಾರೋ ಸಂಚು ಮಾಡುತ್ತಿದ್ದಾರೆ ಎಂಬ ಬುಡವಿಲ್ಲದ ನಂಬಿಕೆ, ಎತ್ತೆತ್ತಲೋ ಹರಿಯುವ ಮಾತು: ಕಾಯಿಲೆ ಎಂದರೆ ಜನರಿಗೆ ಮೊದಲು ನೆನಪಾಗುವುದು ಇವೇ. 1952ರಲ್ಲಿ ಕ್ಲೋರ್‌ಪ್ರೊಮಝೀನ್ ಬಳಕೆಗೆ ಬಂದಾಗಿನಿಂದ ಈ ಲಕ್ಷಣಗಳನ್ನು ತಗ್ಗಿಸುವ ಔಷಧಗಳು ಒಂದರ ಮೇಲೊಂದು ಬಂದಿವೆ.

ಆದರೆ ಮನೋವೈದ್ಯರ ಹೊರರೋಗಿ ವಿಭಾಗದಲ್ಲಿ ಮನೆಯವರು ಹೇಳುವ ದೂರು ಬೇರೆಯೇ. ಮಾತ್ರೆ ತಪ್ಪದೆ ತಗೊಳ್ತಾನೆ, ಗಲಾಟೆ ಇಲ್ಲ, ರಾತ್ರಿ ನಿದ್ದೆ ಮಾಡ್ತಾನೆ, ಆದರೆ ಯಾರ ಜೊತೆಗೂ ಬೆರೆಯಲ್ಲ. ಸುಮ್ಮನೆ ಏನೋ ಹೇಳಿದರೂ ಬೈದರು ಅಂದ್ಕೋತಾನೆ. ತಾಯಿಗೆ ಹುಷಾರಿಲ್ಲ ಅಂತ ಮುಖ ನೋಡಿದರೂ ಗೊತ್ತಾಗಲ್ಲ. ಇಂಥ ಮಾತಿಗೆ ಬಹುಕಾಲ ವೈದ್ಯರ ಬಳಿಯೂ ಸರಿಯಾದ ಉತ್ತರ ಇರಲಿಲ್ಲ. ಉತ್ಸಾಹ ಬತ್ತುವುದು ಈ ಕಾಯಿಲೆಯ ಲಕ್ಷಣವೇ ಹೌದು, ಹಾಗಾಗಿ ಎಲ್ಲವನ್ನೂ ಆ ಖಾತೆಗೇ ಬರೆಯುತ್ತಿದ್ದರು. ಅದರಲ್ಲಿ ಒಂದು ದೊಡ್ಡ ಪಾಲು ಆಸಕ್ತಿಯ ಕೊರತೆಯಲ್ಲ, ಓದಿನ ಕೊರತೆ, ಎದುರಿನ ಮನುಷ್ಯನನ್ನು ಓದಲಾಗದ ಕೊರತೆ ಎಂದು ಗೊತ್ತಾದದ್ದು 1980ರ ಈಚೆಗೆ.

ಸಾಮಾಜಿಕ ಗ್ರಹಿಕೆಯನ್ನು ಸಂಶೋಧಕರು ಈಗ ಸಾಮಾನ್ಯವಾಗಿ ನಾಲ್ಕು ಕವಲುಗಳಾಗಿ ನೋಡುತ್ತಾರೆ. ಮುಖ ಮತ್ತು ದನಿಯಲ್ಲಿ ಭಾವವನ್ನು ಗುರುತಿಸುವುದು ಒಂದು. ಸಂದರ್ಭದ ಸುಳಿವು ಹಿಡಿಯುವುದು ಇನ್ನೊಂದು: ಇಲ್ಲಿ ಯಾರು ಯಾರಿಗೆ ಏನಾಗಬೇಕು, ಈಗ ಮಾತಾಡುವ ಹೊತ್ತೋ ಸುಮ್ಮನಿರುವ ಹೊತ್ತೋ ಎಂದು ತಿಳಿಯುವುದು. ಮೂರನೆಯದು ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು. ನಡೆದದ್ದಕ್ಕೆ ಕಾರಣವನ್ನು ಯಾರ ಮೇಲೆ ಹೊರಿಸುತ್ತೇವೆ ಎಂಬ ಒಲವು ನಾಲ್ಕನೆಯದು. ನಿಜಜೀವನದಲ್ಲಿ ಈ ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡೇ ಇರುತ್ತವೆ. ಬೇರ್ಪಡಿಸಿದ್ದು ಅಳೆಯುವ ಅನುಕೂಲಕ್ಕೆ.

ಮುಖ ನೋಡುವುದು

ಭಾವ ಗುರುತಿಸುವ ಪರೀಕ್ಷೆಗಳ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಅವರ ಕೆಲಸದಲ್ಲಿದೆ. 1960ರ ದಶಕದ ಕೊನೆಯಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಅಧ್ಯಯನ ಮಾಡಿದ ಅವರು ಸಂತೋಷ, ದುಃಖ, ಕೋಪ, ಭಯ, ಜುಗುಪ್ಸೆ, ಅಚ್ಚರಿ ಈ ಆರು ಭಾವಗಳ ಮುಖಚಹರೆ ಎಲ್ಲ ಸಂಸ್ಕೃತಿಗಳಲ್ಲೂ ಒಂದೇ ಎಂದು ವಾದಿಸಿದರು. 1976ರಲ್ಲಿ ವಾಲೇಸ್ ಫ್ರೀಸನ್ ಜೊತೆ ಅವರು ಹೊರತಂದ ಕಪ್ಪುಬಿಳುಪು ಮುಖಚಿತ್ರಗಳ ಸಂಗ್ರಹ ಮುಂದಿನ ಹಲವು ದಶಕ ಪ್ರಯೋಗಾಲಯಗಳ ಆಧಾರಗ್ರಂಥದಂತೆ ಬಳಕೆಯಾಯಿತು. ನಮ್ಮ ಓದುಗರಿಗೆ ಈ ಪಟ್ಟಿ ಅಷ್ಟೇನೂ ಹೊಸದಲ್ಲ: ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ಸ್ಥಾಯಿಭಾವಗಳಲ್ಲಿ ರತಿ ಮತ್ತು ಉತ್ಸಾಹವನ್ನು ತೆಗೆದರೆ ಉಳಿಯುವ ಆರು ಹೆಚ್ಚುಕಡಿಮೆ ಇವೇ. 2000ದಲ್ಲಿ ಅಹಲ್ಯಾ ಹೆಜ್ಮಾಡಿ ಮತ್ತು ಸಂಗಡಿಗರು ನಾಟ್ಯಶಾಸ್ತ್ರದ ಭಾವಗಳನ್ನು ಅಭಿನಯಿಸಿದ ವೀಡಿಯೊಗಳನ್ನು ಭಾರತೀಯರಿಗೂ ಅಮೆರಿಕನ್ನರಿಗೂ ತೋರಿಸಿದಾಗ ಎರಡೂ ಕಡೆಯವರು ಅವನ್ನು ಚೆನ್ನಾಗಿಯೇ ಗುರುತಿಸಿದರು.

ಸ್ಕಿಜೋಫ್ರೇನಿಯಾ ಇರುವವರು ಇಂಥ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಾರೆ ಎಂಬುದು ಈ ಕ್ಷೇತ್ರದ ಅತ್ಯಂತ ಗಟ್ಟಿ ಫಲಿತಾಂಶಗಳಲ್ಲೊಂದು. ಕ್ರಿಶ್ಚಿಯನ್ ಕೋಲರ್ ಮತ್ತು ಸಹೋದ್ಯೋಗಿಗಳು 2010ರಲ್ಲಿ 86 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆರೋಗ್ಯವಂತರಿಗೂ ರೋಗಿಗಳಿಗೂ ನಡುವಿನ ಅಂತರ 0.91 ಪ್ರಮಾಣ ವಿಚಲನೆಯಷ್ಟಿತ್ತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ದೊಡ್ಡ ಅಂತರ. ನಗುಮುಖ ಗುರುತಿಸುವುದು ಅಷ್ಟು ಕಷ್ಟವಾಗುವುದಿಲ್ಲ. ಭಯ, ಕೋಪ, ಜುಗುಪ್ಸೆಯಂಥ ಅಹಿತಭಾವಗಳಲ್ಲಿ ತಪ್ಪು ಹೆಚ್ಚು. ಇನ್ನೂ ಮುಖ್ಯವಾದ ತಪ್ಪು ಮತ್ತೊಂದಿದೆ. ಯಾವ ಭಾವವೂ ಇಲ್ಲದ ಸುಮ್ಮನಿರುವ ಮುಖದಲ್ಲಿ ಸಿಟ್ಟನ್ನೋ ಅಸಹ್ಯವನ್ನೋ ಕಾಣುವುದು. ಬಸ್ಸಿನಲ್ಲಿ, ಆಫೀಸಿನಲ್ಲಿ, ಬೀದಿಯಲ್ಲಿ ನಾವು ನೋಡುವ ಮುಖಗಳಲ್ಲಿ ಹೆಚ್ಚಿನವು ಸುಮ್ಮನಿರುವ ಮುಖಗಳೇ. ಅವೆಲ್ಲ ಮುನಿದಂತೆ ಕಂಡರೆ ಹೊರಗೆ ಕಾಲಿಡುವ ಮನಸ್ಸಾದರೂ ಹೇಗೆ ಬರಬೇಕು?

ಕಣ್ಣಿನ ಚಲನೆಯನ್ನು ದಾಖಲಿಸುವ ಯಂತ್ರಗಳು ಇದರ ಒಂದು ಕಾರಣವನ್ನು ತೋರಿಸಿವೆ. ಸಾಮಾನ್ಯವಾಗಿ ನಾವು ಮುಖ ನೋಡುವಾಗ ದೃಷ್ಟಿ ಕಣ್ಣು, ಮೂಗು, ಬಾಯಿಗಳ ನಡುವೆ ತ್ರಿಕೋನದಂತೆ ಓಡಾಡುತ್ತದೆ. ಆಸ್ಟ್ರೇಲಿಯಾದ ಕಾರ್ಮೆಲ್ ಲಾಫ್‌ಲ್ಯಾಂಡ್, ಲಿಯಾನ್ ವಿಲಿಯಮ್ಸ್, ಎವಿಯನ್ ಗಾರ್ಡನ್ 2002ರಲ್ಲಿ ವರದಿ ಮಾಡಿದಂತೆ ಸ್ಕಿಜೋಫ್ರೇನಿಯಾದಲ್ಲಿ ಈ ಓಡಾಟ ಮೊಟಕಾಗಿರುತ್ತದೆ. ನೋಟ ಕೆಲವೇ ಕಡೆ ನಿಂತುಬಿಡುತ್ತದೆ, ಸುಳಿವು ಹೆಚ್ಚಿರುವ ಭಾಗಗಳನ್ನೇ ತಪ್ಪಿಸುತ್ತದೆ. ಮಿದುಳಿನ ಚಿತ್ರಣದ ಅಧ್ಯಯನಗಳು ಭಾವವನ್ನು ತೂಗುವ ಅಮಿಗ್ಡಲ, ಮುಖಗಳನ್ನು ಗುರುತಿಸುವ ಫ್ಯೂಸಿಫಾರ್ಮ್ ಭಾಗಗಳ ಕೆಲಸದಲ್ಲಿ ವ್ಯತ್ಯಾಸ ಕಂಡಿವೆ. ಇದು ಭಾವಕ್ಕೇ ಸೀಮಿತವಾದ ದೋಷವೋ ಅಥವಾ ಒಟ್ಟಾರೆ ಮುಖ ನೋಡುವ, ಗಮನ ಕೊಡುವ ಶಕ್ತಿಯದೇ ಕುಂದೋ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಸಾಂಡ್ರಾ ಕೆರ್ ಮತ್ತು ಜಾನ್ ನೀಲ್ 1993ರಲ್ಲೇ ಎತ್ತಿದ ಈ ಆಕ್ಷೇಪ ಗಂಭೀರವಾದದ್ದೇ: ಎರಡು ಮುಖಗಳು ಒಬ್ಬರದೇನಾ ಎಂಬ ಭಾವವಿಲ್ಲದ ಪ್ರಶ್ನೆಗೂ ರೋಗಿಗಳು ತಪ್ಪು ಉತ್ತರ ಕೊಟ್ಟಿದ್ದರು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಮುಖದಲ್ಲಿ ಭಾವ ಕಾಣದವರಿಗೆ ಒಳಗೂ ಭಾವವಿಲ್ಲ ಎಂದು ಮನೆಯವರೂ ಎಷ್ಟೋ ಸಲ ಚಿಕಿತ್ಸಕರೂ ಭಾವಿಸುತ್ತಾರೆ. ಆನ್ ಕ್ರಿಂಗ್ ಮತ್ತು ಜಾನ್ ನೀಲ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳಿಗೆ ಭಾವ ಕೆರಳಿಸುವ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಅವರ ಮುಖ ಅಷ್ಟಾಗಿ ಅಲುಗಲಿಲ್ಲ. ಕೇಳಿದಾಗ ಮಾತ್ರ, ಆರೋಗ್ಯವಂತರು ಅನುಭವಿಸಿದಷ್ಟೇ ಭಾವವನ್ನು ತಾವೂ ಅನುಭವಿಸಿದ್ದಾಗಿ ಹೇಳಿದರು. ತರಬೇತಿಗೆ ಬರುವವರನ್ನು ಕಲ್ಲುಮನಸ್ಸಿನವರು ಎಂದುಕೊಂಡು ಶುರುಮಾಡಿದರೆ ಮೊದಲ ದಿನವೇ ದಾರಿ ತಪ್ಪುತ್ತದೆ.

ಮನಸ್ಸನ್ನು ಊಹಿಸುವುದು, ಕಾರಣ ಹುಡುಕುವುದು

ಚಿಂಪಾಂಜಿಗಳು ಇನ್ನೊಬ್ಬರ ಮನಸ್ಸನ್ನು ಊಹಿಸಬಲ್ಲವೇ ಎಂದು 1978ರಲ್ಲಿ ಡೇವಿಡ್ ಪ್ರಿಮ್ಯಾಕ್ ಮತ್ತು ಗೈ ವುಡ್ರಫ್ ಕೇಳಿದ ಪ್ರಶ್ನೆ ಮೊದಲು ಮಕ್ಕಳ ಅಧ್ಯಯನಕ್ಕೆ, ಆಮೇಲೆ ಆಟಿಸಂಗೆ, ಕೊನೆಗೆ ಸ್ಕಿಜೋಫ್ರೇನಿಯಾಕ್ಕೆ ಬಂತು. ಲಂಡನ್ನಿನ ಕ್ರಿಸ್ ಫ್ರಿತ್ 1992ರ ತಮ್ಮ ಪುಸ್ತಕದಲ್ಲಿ ಈ ಕಾಯಿಲೆಯ ಎಷ್ಟೋ ಲಕ್ಷಣಗಳನ್ನು ಪರರ ಮನಸ್ಸನ್ನು ಊಹಿಸುವಲ್ಲಿ ಆಗುವ ಎಡವಟ್ಟಿನಿಂದಲೇ ವಿವರಿಸಬಹುದು ಎಂದರು. ಮೂರು ವರ್ಷದ ನಂತರ ರಿಯಾನನ್ ಕಾರ್ಕೊರನ್ ಜೊತೆಗೂಡಿ ಅವರು ರೂಪಿಸಿದ ಸುಳಿವಿನ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ. ಒಬ್ಬರು ಪರೋಕ್ಷವಾಗಿ ಏನನ್ನೋ ಕೇಳುತ್ತಾರೆ. ಅವರಿಗೆ ನಿಜವಾಗಿ ಬೇಕಾಗಿರುವುದೇನು ಎಂದು ಹೇಳಬೇಕು, ಅಷ್ಟೇ. ನಮ್ಮ ಮನೆಗಳಲ್ಲಿ ಇಂಥ ಮಾತಿಗೆ ಬರವಿಲ್ಲ. ಅಡುಗೆಮನೆಯಿಂದ 'ಗ್ಯಾಸ್ ಇವತ್ತೋ ನಾಳೆಯೋ ಮುಗಿಯೋ ಹಾಗಿದೆ' ಎಂಬ ಮಾತು ಬಂದರೆ ಅದು ಹವಾಮಾನ ವರದಿಯಲ್ಲ, ಸಿಲಿಂಡರ್ ಬುಕ್ ಮಾಡು ಎಂಬ ಸೂಚನೆ. ಅದನ್ನು ಬರೀ ಸುದ್ದಿಯಾಗಿ ಕೇಳಿಸಿಕೊಂಡು ಸುಮ್ಮನೆ ಕೂತವನ ಮೇಲೆ ಸಂಜೆ ರೇಗಾಟ ಆಗುತ್ತದೆ. ಏಕೆ ರೇಗಿದರೆಂದು ಅವನಿಗೆ ತಿಳಿಯುವುದಿಲ್ಲ.

ಇದರ ಜೊತೆಗೆ ಆತುರದ ತೀರ್ಮಾನ ಎಂಬುದೊಂದಿದೆ. ಫಿಲಿಪಾ ಗ್ಯಾರೆಟಿ ಮತ್ತು ಸಹೋದ್ಯೋಗಿಗಳು 1988ರಲ್ಲಿ ಬಣ್ಣದ ಮಣಿಗಳ ಪ್ರಯೋಗದಿಂದ ಇದನ್ನು ತೋರಿಸಿದರು. ಒಂದು ಜಾಡಿಯಲ್ಲಿ 85 ಮಣಿ ಒಂದು ಬಣ್ಣದವು, 15 ಇನ್ನೊಂದು ಬಣ್ಣದವು. ಮತ್ತೊಂದು ಜಾಡಿಯಲ್ಲಿ ಇದರ ತಿರುಗುಮುರುಗು. ಕಣ್ಣಿಗೆ ಕಾಣದ ಜಾಡಿಯಿಂದ ಒಂದೊಂದೇ ಮಣಿ ತೆಗೆದು ತೋರಿಸಿ, ಇದು ಯಾವ ಜಾಡಿ ಎಂದು ಖಾತ್ರಿಯಾದಾಗ ಹೇಳಿ ಎನ್ನುತ್ತಾರೆ. ಭ್ರಾಂತಿಯ ನಂಬಿಕೆ ಇರುವವರು ಇತರರಿಗಿಂತ ಕಡಿಮೆ ಮಣಿ ನೋಡಿಯೇ ತೀರ್ಪು ಕೊಟ್ಟುಬಿಡುತ್ತಾರೆ. ಇನ್ನು ಕೆಟ್ಟದ್ದೇನಾದರೂ ನಡೆದರೆ ಅದಕ್ಕೆ ಸಂದರ್ಭವನ್ನಲ್ಲದೆ ಇನ್ನೊಬ್ಬ ವ್ಯಕ್ತಿಯನ್ನು ಹೊಣೆ ಮಾಡುವ ಒಲವನ್ನು ಅಳೆಯಲು ರಿಚರ್ಡ್ ಬೆಂಟಾಲ್ ಮತ್ತು ಪೀಟರ್ ಕಿಂಡರ್‌ಮನ್ ಪ್ರಶ್ನಾವಳಿಯನ್ನೇ ಸಿದ್ಧಪಡಿಸಿದರು. ಫೋನ್ ಎತ್ತದ ಗೆಳೆಯ ಸ್ನಾನ ಮಾಡುತ್ತಿರಬಹುದು ಎಂದು ಹೊಳೆಯುವ ಮೊದಲೇ, ಅವನು ಬೇಕೆಂದೇ ಎತ್ತುತ್ತಿಲ್ಲ ಎಂಬುದು ನಿಜವಾಗಿಬಿಡುತ್ತದೆ.

ಸಾಮಾಜಿಕ ಗ್ರಹಿಕೆಗೆ ಇಷ್ಟು ತೂಕ ಬಂದದ್ದು ಹೇಗೆ

ನೆನಪು, ಗಮನ, ಚುರುಕುತನ ಕುಂದುವುದೇ ರೋಗಿಗಳು ಕೆಲಸ, ಸ್ನೇಹ, ಸಂಸಾರದಲ್ಲಿ ಹಿಂದುಳಿಯಲು ಕಾರಣ ಎಂದು ಬಹಳ ಕಾಲ ನಂಬಲಾಗಿತ್ತು. ಆನ್-ಕ್ಯಾಥರಿನ್ ಫೆಟ್ ಮತ್ತು ಸಂಗಡಿಗರು 2011ರಲ್ಲಿ 52 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಸಮಾಜದಲ್ಲಿ ಹೇಗೆ ಬದುಕುತ್ತಾರೆ ಎಂಬುದರಲ್ಲಿನ ವ್ಯತ್ಯಾಸಕ್ಕೆ ನೆನಪು, ಗಮನ ಮೊದಲಾದವು ಸುಮಾರು ಶೇ. 6ರಷ್ಟು ಕಾರಣವಾದರೆ ಸಾಮಾಜಿಕ ಗ್ರಹಿಕೆ ಶೇ. 16ರಷ್ಟು ಕಾರಣವಾಗಿತ್ತು. ಶೇ. 16 ದೊಡ್ಡ ಸಂಖ್ಯೆಯಲ್ಲ ಎನ್ನಬಹುದು. ಬಡತನ, ಕಳಂಕ, ಕೆಲಸ ಸಿಗದಿರುವುದು, ಕಾಯಿಲೆಯ ತೀವ್ರತೆ ಇವೆಲ್ಲದರ ನಡುವೆ ಒಂದೇ ಅಂಶ ಅಷ್ಟು ಪಾಲು ಪಡೆಯುವುದು ಕಡಿಮೆಯೇನಲ್ಲ. ಅಷ್ಟರಲ್ಲಾಗಲೇ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಮ್ಯಾಟ್ರಿಕ್ಸ್ ಯೋಜನೆ ಸ್ಕಿಜೋಫ್ರೇನಿಯಾದಲ್ಲಿ ಅಳೆಯಲೇಬೇಕಾದ ಏಳು ಬೌದ್ಧಿಕ ಶಕ್ತಿಗಳಲ್ಲಿ ಸಾಮಾಜಿಕ ಗ್ರಹಿಕೆಯನ್ನೂ ಸೇರಿಸಿತ್ತು.

ಔಷಧದಿಂದಲೇ ಈ ಕೊರತೆ ಸರಿಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರ ನಿರಾಸೆಯದು. ಹಳೆಯ ಮತ್ತು ಹೊಸ ಔಷಧಗಳನ್ನು ಹೋಲಿಸಿದ ಅಮೆರಿಕದ ದೊಡ್ಡ ಅಧ್ಯಯನ ಕೇಟೀ. ಅದರ ಮಾಹಿತಿಯನ್ನು ಡೇವಿಡ್ ಪೆನ್ ಮತ್ತು ಸಂಗಡಿಗರು 2009ರಲ್ಲಿ ಪರಿಶೀಲಿಸಿದಾಗ ಭಾವ ಗುರುತಿಸುವಿಕೆ ಯಾವ ಔಷಧದಿಂದಲೂ ಹೇಳಿಕೊಳ್ಳುವಂತೆ ಸುಧಾರಿಸಿರಲಿಲ್ಲ. ಔಷಧಗಳ ನಡುವೆ ವ್ಯತ್ಯಾಸವೂ ಕಾಣಲಿಲ್ಲ.

ತರಬೇತಿಗಳು

ಇಂಥ ತರಬೇತಿಗೆ ಮೊದಲ ಅಡಿಪಾಯ ಬಿದ್ದದ್ದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ಹಾನ್ಸ್ ಬ್ರೆನರ್, ಫೋಲ್ಕರ್ ರೋಡರ್ ಮೊದಲಾದವರ ಸಮಗ್ರ ಮನೋಚಿಕಿತ್ಸೆಯಲ್ಲಿ ರೋಗಿಗಳ ಗುಂಪು ಒಂದು ಸ್ಲೈಡ್ ನೋಡುತ್ತದೆ; ಕಂಡದ್ದನ್ನೆಲ್ಲ ಒಬ್ಬೊಬ್ಬರಾಗಿ ಹೇಳುತ್ತಾರೆ; ಆಮೇಲೆ ಅದರ ಅರ್ಥ ಏನಿರಬಹುದೆಂದು ಚರ್ಚೆ; ಕೊನೆಗೆ ಚಿತ್ರಕ್ಕೊಂದು ಶೀರ್ಷಿಕೆ. ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ ಎಂಬ ಈ ವಿಂಗಡಣೆ ಆಮೇಲೆ ಬಂದ ಎಲ್ಲ ತರಬೇತಿಗಳಲ್ಲೂ ಒಂದಲ್ಲ ಒಂದು ವೇಷದಲ್ಲಿ ಬರುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ ಜೆರಾರ್ಡ್ ಹೊಗಾರ್ಟಿ ಕಟ್ಟಿದ ಗ್ರಹಿಕೆ ವರ್ಧನ ಚಿಕಿತ್ಸೆ ಕಂಪ್ಯೂಟರ್ ಅಭ್ಯಾಸವನ್ನು ಸಣ್ಣ ಗುಂಪುಗಳ ಸಾಮಾಜಿಕ ಪಾಠದ ಜೊತೆ ಸೇರಿಸಿತು. 121 ಮಂದಿಯನ್ನು ಎರಡು ವರ್ಷ ಗಮನಿಸಿದ ಅದರ 2004ರ ವರದಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಚುರುಕುತನ ಬೇಗ ಸುಧಾರಿಸಿದರೆ ಸಾಮಾಜಿಕ ಗ್ರಹಿಕೆಯ ಲಾಭ ಪೂರ್ತಿ ಕಂಡದ್ದು ಎರಡನೆಯ ವರ್ಷದ ಕೊನೆಗೆ. 2010ರಲ್ಲಿ ಶಾನ್ ಈಕ್ ಮತ್ತು ಸಹೋದ್ಯೋಗಿಗಳು, ಇದೇ ಚಿಕಿತ್ಸೆ ಪಡೆದ ಆರಂಭಿಕ ಹಂತದ ರೋಗಿಗಳ ಮಿದುಳಿನ ಕೆಲವು ಭಾಗಗಳಲ್ಲಿ ಬೂದುದ್ರವ್ಯ ಕರಗುವುದು ತಗ್ಗಿತ್ತೆಂದು ವರದಿ ಮಾಡಿದರು.

ಭಾವ ಗುರುತಿಸುವುದನ್ನೇ ಗುರಿಯಾಗಿಟ್ಟುಕೊಂಡ ತರಬೇತಿಗಳಲ್ಲಿ ಹೆಸರಾದದ್ದು ಜರ್ಮನಿಯ ಡಸೆಲ್‌ಡಾರ್ಫ್‌ನಲ್ಲಿ ನಿಕೋಲ್ ಫ್ರೊಮಾನ್ ಮತ್ತು ವುಲ್ಫ್‌ಗಾಂಗ್ ವೋಲ್ವರ್ ರೂಪಿಸಿದ ಟಾರ್. ಒಬ್ಬ ಚಿಕಿತ್ಸಕ, ಇಬ್ಬರು ರೋಗಿಗಳು, ಮುಂದೊಂದು ಕಂಪ್ಯೂಟರ್. 45 ನಿಮಿಷದ 12 ಪಾಠಗಳು, ವಾರಕ್ಕೆರಡರಂತೆ ಆರು ವಾರ. ಮೊದಲ ನಾಲ್ಕು ಪಾಠಗಳಲ್ಲಿ ಕೆಲಸವೆಲ್ಲ ಬಾಯಿಮಾತಿನದು. ಪರದೆಯ ಮೇಲೊಂದು ಮುಖ ಬರುತ್ತದೆ. ಇದು ಸಿಟ್ಟು ಎಂದಷ್ಟೇ ಹೇಳಿದರೆ ಸಾಲದು. ಹುಬ್ಬು ಎಲ್ಲಿದೆ, ನಡುವೆ ಗೆರೆ ಬಿದ್ದಿದೆಯೇ, ರೆಪ್ಪೆ ಬಿಗಿದಿದೆಯೋ ಅರಳಿದೆಯೋ, ತುಟಿ ಒತ್ತಿಕೊಂಡಿದೆಯೋ ಎಂದು ಒಂದೊಂದನ್ನೂ ಮಾತಿನಲ್ಲಿ ಹೇಳಬೇಕು. ಭಯದಲ್ಲೂ ಅಚ್ಚರಿಯಲ್ಲೂ ಕಣ್ಣು ಅಗಲವಾಗುತ್ತದೆ. ಎರಡನ್ನೂ ಬಿಡಿಸುವುದು ಹುಬ್ಬಿನ ಆಕಾರ ಮತ್ತು ಬಾಯಿಯ ಬಿಗಿತ. ಒಬ್ಬರು ತಪ್ಪಿದರೆ ಜೊತೆಗಾರ ತಿದ್ದುತ್ತಾನೆ. ಮುಂದಿನ ನಾಲ್ಕು ಪಾಠಗಳಲ್ಲಿ ಈ ವಿಶ್ಲೇಷಣೆಯನ್ನು ಬಿಟ್ಟು ಮುಖವನ್ನು ಇಡಿಯಾಗಿ, ಮೊದಲ ನೋಟಕ್ಕೇ ಹಿಡಿಯುವ ಅಭ್ಯಾಸ. ಚಿತ್ರಗಳಲ್ಲಿ ಭಾವದ ತೀವ್ರತೆಯನ್ನೂ ತಗ್ಗಿಸುತ್ತಾರೆ. ಕೊನೆಯ ನಾಲ್ಕರಲ್ಲಿ ಮುಖ ಒಂಟಿಯಾಗಿ ಬರುವುದಿಲ್ಲ, ಸಂದರ್ಭದೊಳಗೆ ಬರುತ್ತದೆ. ವೋಲ್ವರ್ ತಂಡದ 2005ರ ಅಧ್ಯಯನದಲ್ಲಿ ಟಾರ್ ಪಡೆದವರ ಭಾವ ಗುರುತಿಸುವಿಕೆ ಸುಧಾರಿಸಿತು, ನೆನಪು-ಗಮನದ ತರಬೇತಿ ಪಡೆದವರ ನೆನಪು ಸುಧಾರಿಸಿತು. ಯಾವುದನ್ನು ಕಲಿಸಿದರೋ ಅದೇ ಬಂತು, ಒಂದನ್ನು ಕಲಿಸಿದರೆ ಇನ್ನೊಂದು ತಾನಾಗಿ ಬರಲಿಲ್ಲ. ಭಾವದ ಓದು ಪ್ರತ್ಯೇಕವಾಗಿಯೇ ಕಲಿಸಬೇಕಾದ ವಿದ್ಯೆ ಎಂಬ ವಾದಕ್ಕೆ ಇದು ದೊಡ್ಡ ಬೆಂಬಲ ಕೊಟ್ಟಿತು.

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೆನ್, ಡೇವಿಡ್ ರಾಬರ್ಟ್ಸ್, ಡೆನಿಸ್ ಕೂಂಬ್ಸ್ ಬೆಳೆಸಿದ ಸ್ಕಿಟ್ ಇದಕ್ಕಿಂತ ಅಗಲವಾದದ್ದು. ಸಣ್ಣ ಗುಂಪು, ವಾರಕ್ಕೊಂದರಂತೆ 20ರಿಂದ 24 ಪಾಠ. ಭಾವಗಳ ಪರಿಚಯದಿಂದ ಶುರುವಾಗಿ, ಸಂದರ್ಭಗಳನ್ನು ಬಿಡಿಸಿ ನೋಡುವುದಕ್ಕೆ ಸಾಗಿ, ಕೊನೆಗೆ ಗುಂಪಿನವರ ಸ್ವಂತ ಬದುಕಿನ ಪ್ರಸಂಗಗಳಿಗೆ ಬಂದು ನಿಲ್ಲುತ್ತದೆ. ಅದರ ನಡುಭಾಗದಲ್ಲಿ ಮೂರು ಪಾತ್ರಗಳು ಬರುತ್ತವೆ. ಎಲ್ಲದಕ್ಕೂ ಇತರರನ್ನು ದೂರುವ ಬಿಲ್, ಎಲ್ಲವೂ ನನ್ನದೇ ತಪ್ಪು ಎನ್ನುವ ಮೇರಿ, ಏನೋ ಪರಿಸ್ಥಿತಿ ಹಾಗಿತ್ತು ಬಿಡಿ ಎನ್ನುವ ಎಡ್ಡಿ. ಒಂದೇ ಘಟನೆಯನ್ನು ಮೂವರ ಬಾಯಲ್ಲೂ ಹೇಳಿಸುತ್ತಾರೆ. ತನ್ನ ಯೋಚನೆ ತಪ್ಪು ಎಂದು ನೇರವಾಗಿ ಹೇಳಿಸಿಕೊಳ್ಳಲು ಸಿದ್ಧನಿಲ್ಲದವನು ಬಿಲ್‌ನ ಯೋಚನೆ ತಪ್ಪು ಎಂದು ಸಲೀಸಾಗಿ ಒಪ್ಪುತ್ತಾನೆ. ಜಾಣತನ ಇರುವುದು ಅಲ್ಲಿಯೇ.

ಸ್ಕಿಟ್‌ನ ಮನೆಪಾಠದ ಮಾದರಿಯೊಂದನ್ನು ನಮ್ಮ ಬೀದಿಗೆ ತಂದು ನೋಡಬಹುದು. ಅಂಗಡಿಯ ಮುಂದೆ ಹಾದುಹೋಗುವಾಗ ಒಳಗಿದ್ದ ಇಬ್ಬರು ನಕ್ಕರು. ಕಾಗದದ ಒಂದು ಕಡೆ 'ನಡೆದದ್ದು', ಇನ್ನೊಂದು ಕಡೆ 'ಅಂದಾಜು'. ಇಬ್ಬರು ನಕ್ಕರು ಎಂಬುದು ನಡೆದದ್ದು. ನನ್ನನ್ನು ನೋಡಿ ನಕ್ಕರು ಎಂಬುದು ಅಂದಾಜು. ಅವರು ನನ್ನ ಕಡೆ ತಿರುಗಿದ್ದರೇ? ಒಬ್ಬನ ಕೈಯಲ್ಲಿ ಮೊಬೈಲ್ ಇತ್ತಲ್ಲವೇ? ನಿನ್ನೆ ನಾನು ಹೋಗದೆ ಇದ್ದಾಗಲೂ ಅವರು ನಗುತ್ತಿದ್ದರೇ? ಹೀಗೆ ಎರಡನೆಯ ಕಡೆ ಇನ್ನೂ ಮೂರು ಅಂದಾಜು ಬರೆಸಿ, ಒಂದೊಂದಕ್ಕೂ ಎಷ್ಟು ಸಾಧ್ಯತೆ ಎಂದು ಕೇಳುತ್ತಾರೆ. ಮೊದಲ ಅಂದಾಜನ್ನು ಬಿಡಿಸಲೇಬೇಕೆಂಬ ಹಟ ಇಲ್ಲ. ಅದರ ಪಕ್ಕದಲ್ಲಿ ಬೇರೆಯವಕ್ಕೂ ಜಾಗ ಮಾಡಿಕೊಟ್ಟರೆ ಸಾಕು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸ್ಟೆಫನ್ ಮೊರಿಟ್ಝ್ ಮತ್ತು ಟಾಡ್ ವುಡ್‌ವರ್ಡ್ ಬೆಳೆಸಿದ, ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುವ ಯೋಚನೆಯ ಬಗೆಗಿನ ತರಬೇತಿಯೂ ಆತುರದ ತೀರ್ಮಾನವನ್ನು ಇದೇ ರೀತಿ ನಯವಾಗಿ ಸಡಿಲಿಸುತ್ತದೆ.

ಎಕ್‌ಮನ್ ರೂಪಿಸಿದ, ಪೊಲೀಸರಂಥವರ ತರಬೇತಿಗೂ ಬಳಕೆಯಾದ ಕ್ಷಣಿಕ ಮುಖಭಾವಗಳ ಪುಟ್ಟ ಕಂಪ್ಯೂಟರ್ ಪಾಠವನ್ನು ತಮಾರಾ ರಸೆಲ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಒಂದೇ ಪಾಠದಲ್ಲಿ ಭಾವ ಗುರುತಿಸುವಿಕೆ ಸುಧಾರಿಸಿತು. ಇತ್ತೀಚೆಗೆ ಮನೆಯಲ್ಲೇ ಮಾಡುವ ಆನ್‌ಲೈನ್ ಅಭ್ಯಾಸಗಳೂ, ತಲೆಗೆ ಧರಿಸುವ ವರ್ಚುವಲ್ ರಿಯಾಲಿಟಿ ಸಾಧನಗಳೂ ಬಂದಿವೆ. ಕಾಲ್ಪನಿಕ ಬೀದಿಯಲ್ಲಿ, ಅಂಗಡಿಯಲ್ಲಿ ಜನರನ್ನು ಎದುರಿಸುವ ಈ ವಿಧಾನದ ಮೇಲೆ ಬಹಳ ನಿರೀಕ್ಷೆ ಇತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ ಯಾದೃಚ್ಛಿಕವಾಗಿ ಗುಂಪು ಮಾಡಿ ನಡೆಸಿದ ಪರೀಕ್ಷೆಯಲ್ಲಿ, ಅದೇ ಸಾಧನದಲ್ಲಿ ಸುಮ್ಮನೆ ವಿಶ್ರಾಂತಿಯ ದೃಶ್ಯ ನೋಡಿದವರಿಗಿಂತ ತರಬೇತಿ ಪಡೆದವರು ಮೇಲಾಗಲಿಲ್ಲ. ಮೂಗಿಗೆ ಸಿಂಪಡಿಸುವ ಆಕ್ಸಿಟೋಸಿನ್ ಹಾರ್ಮೋನನ್ನು ತರಬೇತಿಗೆ ಜೋಡಿಸಿದ ಪ್ರಯೋಗಗಳ ಫಲವೂ ಒಂದೊಂದರಲ್ಲಿ ಒಂದೊಂದು ಥರ.

ಫಲ ಎಷ್ಟು

ಮ್ಯಾಥ್ಯೂ ಕರ್ಟ್ಝ್ ಮತ್ತು ಕ್ರಿಸ್ಟಿ ರಿಚರ್ಡ್‌ಸನ್ 2012ರಲ್ಲಿ 19 ಅಧ್ಯಯನಗಳ, 692 ಜನರ ಫಲಿತಾಂಶಗಳನ್ನು ಕೂಡಿಸಿ ನೋಡಿದರು. ಮುಖದ ಭಾವ ಗುರುತಿಸುವುದರಲ್ಲಿ ಪರಿಣಾಮದ ಗಾತ್ರ (ಪ್ರಮಾಣ ವಿಚಲನೆಯ ಲೆಕ್ಕದಲ್ಲಿ) 0.71, ಪರರ ಮನಸ್ಸನ್ನು ಊಹಿಸುವುದರಲ್ಲಿ 0.46. ಸಂದರ್ಭದ ಸುಳಿವು ಹಿಡಿಯುವುದರಲ್ಲಾಗಲಿ, ಕಾರಣ ಹೊರಿಸುವ ಒಲವಿನಲ್ಲಾಗಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಮುಖದ ಓದು ಬೇಗ ಬರುತ್ತದೆ, ಶಂಕೆಯ ಸ್ವಭಾವ ಬೇಗ ಬಿಡುವುದಿಲ್ಲ ಎಂದು ಇದನ್ನು ಸರಳವಾಗಿ ಓದಬಹುದು. ಹಾಗೆ ಓದುವ ಮೊದಲು ಒಂದು ಎಚ್ಚರಿಕೆ ಬೇಕು. ಕಾರಣ ಹೊರಿಸುವ ಒಲವನ್ನು ಅಳೆಯುವ ಉಪಕರಣಗಳೇ ದುರ್ಬಲ. ಎಮಿ ಪಿಂಕ್‌ಹ್ಯಾಮ್ ಮತ್ತು ಸಂಗಡಿಗರು ಬಳಕೆಯಲ್ಲಿರುವ ಪರೀಕ್ಷೆಗಳನ್ನೆಲ್ಲ ಒರೆಗೆ ಹಚ್ಚಿದ ಸ್ಕೋಪ್ ಯೋಜನೆಯಲ್ಲಿ ಸುಳಿವಿನ ಪರೀಕ್ಷೆಯೂ ಭಾವ ಗುರುತಿಸುವ ಒಂದೆರಡು ಪರೀಕ್ಷೆಗಳೂ ಗಟ್ಟಿಯಾಗಿ ನಿಂತವು. ಕಾರಣ ಹೊರಿಸುವಿಕೆಯದು ನಿಲ್ಲಲಿಲ್ಲ. ತಕ್ಕಡಿಯೇ ಸರಿಯಿಲ್ಲದಾಗ ತೂಕ ಏರಿಲ್ಲ ಎಂದು ಹೇಗೆ ಹೇಳುವುದು?

ಇನ್ನೊಂದು ಆಕ್ಷೇಪ ಬುಡದಿಂದಲೇ ಬರುತ್ತದೆ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ದೀರ್ಘ ವಿಮರ್ಶೆ, ಸಿಟ್ಟು ಬಂದವರೆಲ್ಲ ಹುಬ್ಬು ಗಂಟಿಕ್ಕುವುದಿಲ್ಲ, ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾಗಿರುವುದಿಲ್ಲ ಎಂದು ಸಾಕ್ಷ್ಯಸಮೇತ ವಾದಿಸಿತು. ಹಾಗಿದ್ದರೆ ನಟರ ಉತ್ಪ್ರೇಕ್ಷಿತ ಮುಖಗಳಿಂದ ಕಲಿತವರು ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿದವರನ್ನು ನೋಡಿ ಏನೆಂದುಕೊಳ್ಳಬೇಕು? ಈ ಲೇಖಕನ ಮಟ್ಟಿಗೆ ಇದು ತರಬೇತಿಯನ್ನು ಕೈಬಿಡಲು ಕಾರಣವಲ್ಲ. ಟಾರ್‌ನ ಕೊನೆಯ ನಾಲ್ಕು ಪಾಠ ಮತ್ತು ಸ್ಕಿಟ್‌ನ ಕೊನೆಯ ಭಾಗಕ್ಕೆ ಮೊದಲ ಭಾಗಕ್ಕಿಂತ ಹೆಚ್ಚು ಹೊತ್ತು ಕೊಡಲು ಕಾರಣ. ಚಿತ್ರದ ಮುಖ ನೋಡಿ ಅಂಕ ಗಳಿಸುವುದಕ್ಕೂ ಮನೆಯಲ್ಲಿ ಜಗಳ ಕಡಿಮೆಯಾಗುವುದಕ್ಕೂ ನಡುವೆ ಬಹಳ ದೂರವಿದೆ. ಆ ದೂರವನ್ನು ದಾಟಿದ ಪುರಾವೆ ಇನ್ನೂ ತೆಳುವಾಗಿಯೇ ಇದೆ. ಕೆಲವು ಅಧ್ಯಯನಗಳಲ್ಲಿ ಪರೀಕ್ಷೆಯ ಅಂಕ ಏರಿ, ಬದುಕಿನ ಅಳತೆಗಳು ಇದ್ದಲ್ಲೇ ಉಳಿದಿವೆ. ಉದ್ಯೋಗ ತರಬೇತಿ, ಸಾಮಾಜಿಕ ಕೌಶಲಗಳ ಅಭ್ಯಾಸ ಇವುಗಳ ಜೊತೆ ಸೇರಿಸಿ ಕೊಟ್ಟಾಗ ಲಾಭ ದಿನನಿತ್ಯಕ್ಕೆ ಇಳಿಯುವ ಸಾಧ್ಯತೆ ಹೆಚ್ಚು ಎಂಬುದು ಈಗಿನ ಪುನಶ್ಚೇತನ ತಜ್ಞರ ಸಾಮಾನ್ಯ ಅಭಿಪ್ರಾಯ.

ಭಾರತದಲ್ಲಿ, ಮುಖ್ಯವಾಗಿ ಬೆಂಗಳೂರಿನಲ್ಲಿ

ಹಿಲರಿ ಎಲ್ಫೆನ್‌ಬೈನ್ ಮತ್ತು ನಳಿನಿ ಅಂಬಾಡಿ 2002ರಲ್ಲಿ ತೋರಿಸಿದಂತೆ ಜನ ತಮ್ಮದೇ ಸಂಸ್ಕೃತಿಯವರ ಮುಖಭಾವವನ್ನು ಹೊರಗಿನವರದಕ್ಕಿಂತ ಚೆನ್ನಾಗಿ ಓದುತ್ತಾರೆ. ಹಾಗಾಗಿ ಬಿಳಿಯರ ಕಪ್ಪುಬಿಳುಪು ಫೋಟೊ ಮುಂದಿಟ್ಟು ಮಂಡ್ಯದ ರೈತನನ್ನು ಪರೀಕ್ಷಿಸಿದರೆ ಕಾಯಿಲೆಯ ಕೊರತೆ ಯಾವುದು, ಅಪರಿಚಿತತೆಯ ಕೊರತೆ ಯಾವುದು ಎಂದು ಬಿಡಿಸಲಾಗುವುದಿಲ್ಲ. ನಿಮ್ಹಾನ್ಸ್‌ನ ರಿಷಿಕೇಶ್ ಬೆಹೆರೆ, ಗಣೇಶನ್ ವೆಂಕಟಸುಬ್ರಮಣಿಯನ್, ಬಿ.ಎನ್. ಗಂಗಾಧರ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದ ಟ್ರೆಂಡ್ಸ್ ಎಂಬ ಸಾಧನ ಈ ತೊಡಕಿಗೆ ಉತ್ತರವಾಗಿ ಬಂತು. ತರುಣ, ತರುಣಿ, ವಯಸ್ಸಾದ ಗಂಡಸು, ವಯಸ್ಸಾದ ಹೆಂಗಸು ಹೀಗೆ ನಾಲ್ವರು ಅನುಭವಿ ಕಲಾವಿದರು ಅಭಿನಯಿಸಿದ 52 ಸ್ಥಿರಚಿತ್ರ, 28 ವೀಡಿಯೊ ತುಣುಕುಗಳು ಅದರಲ್ಲಿವೆ. ವೀಡಿಯೊ ಸೇರಿಸಿದ್ದು ಸಣ್ಣ ವಿಷಯವಲ್ಲ. ಯಾರ ಮುಖವೂ ನಿಜಜೀವನದಲ್ಲಿ ಫೋಟೊದ ಹಾಗೆ ನಿಂತಿರುವುದಿಲ್ಲ.

ಉರ್ವಕ್ಷ್ ಮೆಹ್ತಾ, ಜಗದೀಶ ತೀರ್ಥಹಳ್ಳಿ ಮೊದಲಾದವರು, ಅಮೆರಿಕದಲ್ಲಿರುವ ಮನೋವೈದ್ಯ ಮ್ಯಾಚೆರಿ ಕೇಶವನ್ ಅವರೊಡನೆ ಸೇರಿ 2011ರಲ್ಲಿ ಸಾಕ್ರಟಿಸ್ ಎಂಬ ಪರೀಕ್ಷೆಗಳ ಗುಚ್ಛವನ್ನು ಸಿದ್ಧಪಡಿಸಿದರು. ತಪ್ಪು ನಂಬಿಕೆಯ ಕತೆಗಳು, ರೂಪಕ ಮತ್ತು ವ್ಯಂಗ್ಯದ ಕತೆಗಳು, ಬಾಯಿತಪ್ಪಿ ಆಡಿದ ಮಾತನ್ನು ಗುರುತಿಸುವ ಪ್ರಸಂಗಗಳು, ಸಂದರ್ಭದ ಸುಳಿವು, ಕಾರಣ ಹೊರಿಸುವಿಕೆ ಎಲ್ಲವನ್ನೂ ಭಾರತೀಯ ಪರಿಸರಕ್ಕೆ ಒಗ್ಗಿಸಿದ ಸಂಗ್ರಹವಿದು. ವ್ಯಂಗ್ಯವೂ ಬಾಯಿತಪ್ಪೂ ಊರಿಂದೂರಿಗೆ ಬದಲಾಗುತ್ತವೆ. ಮದುವೆ ಮನೆಯಲ್ಲಿ 'ಇನ್ನೂ ಕೆಲಸ ಸಿಗ್ಲಿಲ್ವಾ?' ಎಂದು ನೆಂಟರು ಕೇಳುವುದು ಒಂದು ಕಡೆ ಒರಟುತನ, ಇನ್ನೊಂದು ಕಡೆ ಕಾಳಜಿ. ಅದೇ ತಂಡ ಮುಂದೆ ತೋರಿಸಿದ್ದು, ಲಕ್ಷಣಗಳೆಲ್ಲ ಇಳಿದು ಕಾಯಿಲೆ ಶಮನಗೊಂಡಿರುವವರಲ್ಲೂ ಸಾಮಾಜಿಕ ಗ್ರಹಿಕೆಯ ಕೊರತೆ ಉಳಿದಿರುತ್ತದೆ ಎಂಬುದನ್ನು.

ನಿಮ್ಹಾನ್ಸ್‌ನಿಂದ ಬಂದ ಇನ್ನೊಂದು ಕೆಲಸ ಯೋಗದ್ದು. ಔಷಧ ತೆಗೆದುಕೊಳ್ಳುತ್ತಿದ್ದ ರೋಗಿಗಳನ್ನು ಯೋಗ, ದೈಹಿಕ ವ್ಯಾಯಾಮ ಮತ್ತು ಸರದಿಗೆ ಕಾಯುವ ಗುಂಪು ಹೀಗೆ ಮೂರಾಗಿ ಹಂಚಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯೋಗದ ಗುಂಪಿನವರು ಟ್ರೆಂಡ್ಸ್ ಪರೀಕ್ಷೆಯಲ್ಲಿ ಸುಧಾರಿಸಿದರು. ವ್ಯಾಯಾಮದವರಲ್ಲಿ ಆ ಬದಲಾವಣೆ ಬರಲಿಲ್ಲ. ಎರಡು ವರ್ಷದ ನಂತರದ ವರದಿಯಲ್ಲಿ ಯೋಗ ಮಾಡಿದವರ ರಕ್ತದಲ್ಲಿ ಆಕ್ಸಿಟೋಸಿನ್ ಮಟ್ಟ ಏರಿದ್ದೂ ಕಂಡಿತು. ಮುಖದ ಪಾಠವನ್ನೇ ಹೇಳಿಕೊಡದೆ ಮುಖದ ಓದು ಸುಧಾರಿಸಿದ್ದು ಕುತೂಹಲದ ಸಂಗತಿ. ಗುಂಪುಗಳು ಚಿಕ್ಕವು. ಇದರ ಮೇಲೆ ದೊಡ್ಡ ಮನೆ ಕಟ್ಟುವ ಹೊತ್ತು ಇನ್ನೂ ಬಂದಿಲ್ಲ.

ತರಬೇತಿ ಎಲ್ಲಿ ನಡೆಯಬೇಕು ಎಂಬುದೇ ಇಲ್ಲಿನ ದೊಡ್ಡ ಪ್ರಶ್ನೆ. ಪಶ್ಚಿಮದ ಮಾದರಿಗಳೆಲ್ಲ ತರಬೇತಿ ಪಡೆದ ಚಿಕಿತ್ಸಕ, ವಾರವಾರವೂ ಬರುವ ರೋಗಿ, ಓದುಬರಹ ಇವನ್ನು ನಂಬಿಕೊಂಡಿವೆ. ಬೆಂಗಳೂರಿನ ಹಾಫ್‌ವೇ ಹೋಂಗಳಲ್ಲಿ, ಡೇ ಕೇರ್ ಕೇಂದ್ರಗಳಲ್ಲಿ ಇದು ಆಗಬಹುದು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಡೆದುಬಂದ ನಿಮ್ಹಾನ್ಸ್‌ನ ಸಮುದಾಯ ಕಾರ್ಯಕ್ರಮ, ಊರಿನಲ್ಲೇ ಔಷಧ ಸಿಕ್ಕರೆ ರೋಗಿಗಳ ಅಸಾಮರ್ಥ್ಯ ಎಷ್ಟು ತಗ್ಗುತ್ತದೆ ಎಂಬುದನ್ನು ತೋರಿಸಿದೆ. ಅಂಥ ಕಡೆಗಳಿಂದ 24 ವಾರ ನಗರಕ್ಕೆ ಬಂದು ಹೋಗಿ ಎನ್ನಲಾಗದು. ಮತ್ತೊಂದು ಕಡೆ, ಇಲ್ಲಿನ ರೋಗಿಗಳಲ್ಲಿ ಬಹುಪಾಲು ಜನ ಕುಟುಂಬದ ಜೊತೆಗೇ ಇರುತ್ತಾರೆ. ಸ್ಕಿಟ್‌ನವರು ಗುಂಪಿನ ಹೊರಗೆ ಅಭ್ಯಾಸ ಮಾಡಿಸಲು ಜೊತೆಗಾರರನ್ನು ಹುಡುಕಿಸುತ್ತಾರೆ. ನಮ್ಮಲ್ಲಿ ಅಕ್ಕನೋ ಭಾವನೋ ಆಗಲೇ ಮನೆಯಲ್ಲಿದ್ದಾರೆ.

ಹಾಗಾಗಿ ಕುಟುಂಬಕ್ಕೆ ಹೇಳಿಕೊಡಬೇಕಾದ್ದು ಇಷ್ಟು ಎಂದು ಪುನಶ್ಚೇತನದಲ್ಲಿ ತೊಡಗಿದವರು ಪಟ್ಟಿ ಮಾಡತೊಡಗಿದ್ದಾರೆ. ಸುತ್ತುಬಳಸಿ ಹೇಳುವ ಬದಲು, ಗ್ಯಾಸ್ ಮುಗಿಯುತ್ತಿದೆ, ಇವತ್ತು ಬುಕ್ ಮಾಡಪ್ಪ ಎಂದು ನೇರವಾಗಿ ಹೇಳುವುದು. ಮುಖ ಸಪ್ಪಗಿದ್ದರೆ ತಲೆನೋವು, ನಿನ್ನ ಮೇಲೆ ಸಿಟ್ಟಲ್ಲ ಎಂದು ಬಾಯಿಬಿಟ್ಟು ತಿಳಿಸುವುದು. ಟಿವಿ ಧಾರಾವಾಹಿ ನೋಡುವಾಗ ದನಿ ನಿಲ್ಲಿಸಿ, ಈಗ ಇವಳಿಗೆ ಏನನ್ನಿಸುತ್ತಿರಬಹುದು, ಯಾಕೆ ಹಾಗೆಂದುಕೊಂಡೆ ಎಂದು ಕೇಳುವುದು. ಉತ್ತರ ತಪ್ಪಾದರೆ ನಗದಿರುವುದು. ಧಾರಾವಾಹಿಯ ನಟರು ಕಣ್ಣು ಹುಬ್ಬು ಕುಣಿಸುವುದು ಹೆಚ್ಚೇ. ಶುರುವಿನ ಪಾಠಕ್ಕೆ ಆ ಹೆಚ್ಚುಗಾರಿಕೆ ಅನುಕೂಲ. ಕೆಲವು ವಾರ ಕಳೆದ ಮೇಲೆ ಪಕ್ಕದ ಮನೆಯ ಜಗಲಿಗೂ, ಸಂತೆಗೂ, ಕೆಲಸದ ಜಾಗಕ್ಕೂ ಇದೇ ಪ್ರಶ್ನೆಯನ್ನು ಒಯ್ಯಬೇಕಾಗುತ್ತದೆ.